ಟೆಬಟ್ ನಕ್ಕ

ಅಕ್ಟೋಬರ್ 3, 1867. ಗುರುವಾರ

ನನ್ನ ಜೊತೆಗಾತಿ ಹೆಸ್ಟರ್ ಮದುವೆಯಾಗಿ ಬ್ರಿಸ್ಟಲ್‌ಗೆ ಹೋಗಿ ಇಂದಿಗೆ ಹದಿನೈದು ವಾರ. ಒಂಬತ್ತು ವರ್ಷ ನಾವಿಬ್ಬರೂ ಇದೇ ಕೋಣೆಯಲ್ಲಿ, ಇದೇ ಕಿಟಕಿಯ ಬೆಳಕನ್ನು ಹಂಚಿಕೊಂಡು ಪತ್ರಿಕೆಗಳಿಗೆ ಚಿತ್ರ ಬರೆದೆವು. ಮೊಣಕೈ ತಾಗಿತು ಎಂದು ದಿನಕ್ಕೆ ನಾಲ್ಕು ಬಾರಿ ಜಗಳ. ಈಗ ಕಿಟಕಿ ಪೂರ್ತಿ ನನ್ನದು. ಅದರಿಂದ ಚಿತ್ರಗಳೇನೂ ಸುಧಾರಿಸಿಲ್ಲ.

ಬೆಳಿಗ್ಗೆ ಪತ್ರಿಕಾ ಕಚೇರಿಗಳ ಬೀದಿಯಾದ ಫ್ಲೀಟ್ ಸ್ಟ್ರೀಟ್‌ಗೆ ಹೋಗಿದ್ದೆ. ವಾರಪತ್ರಿಕೆಯ ಸಂಪಾದಕ ಲವಿಬಾಂಡ್ ಹೊಸ ಪತ್ತೇದಾರಿ ಧಾರಾವಾಹಿಯೊಂದಕ್ಕೆ ಚಿತ್ರ ಬರೆಯಲು ಹೇಳಿದರು, ವಾರಕ್ಕೊಂದು. ಹಳ್ಳಿಯ ಸಿರಿವಂತ ಮುದುಕನೊಬ್ಬ ತನ್ನ ಓದುವ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ. ಮನೆಯಲ್ಲಿ ಏಳು ಜನ, ಕುಟುಂಬದ ಡಾಕ್ಟರೂ ಸೇರಿ. ಅವರಲ್ಲಿ ಒಬ್ಬ, ವಕೀಲರ ಕಡೆಯಿಂದ ಬಂದ ಗುಮಾಸ್ತ ಟೆಬಟ್.

"ಕಥೆ ಪೂರ್ತಿ ಕೊಡಿ, ಓದಿಕೊಂಡು ಬರೀತೀನಿ," ಎಂದೆ.

"ಕೊನೆ ಗೊತ್ತಿರೋದು ಇಬ್ಬರಿಗೆ. ಬರೆದವರಿಗೆ, ನನಗೆ. ಮೂರನೆಯವರಿಗೆ ಗೊತ್ತಾದ್ರೆ ಸಂಜೆಯೊಳಗೆ ಇಡೀ ಲಂಡನ್‌ಗೆ ಗೊತ್ತಾಗುತ್ತೆ. ನೀವು ಚಿತ್ರ ಬರೀರಿ ಮಿಸ್ ಪೆಲೋ, ಕೊಲೆಗಾರನ್ನ ಪೊಲೀಸ್ನೋರು ಹುಡುಕ್ತಾರೆ."

ಹಾಗಾಗಿ ಪ್ರತಿ ವಾರ ನನಗೆ ಸಿಗುವುದು ಒಂದು ಚೀಟಿ, ಅದರಲ್ಲಿ ಒಂದೋ ಎರಡೋ ವಾಕ್ಯ. ಉಳಿದದ್ದನ್ನು ಮೂರು ವಾರ ಕಾದು ಅಚ್ಚಾದ ಮೇಲೆ ಊರಿನವರ ಜೊತೆ ನಾನೂ ಓದಬೇಕು. ಮೊದಲ ಚೀಟಿ: "ಗುಮಾಸ್ತ ಟೆಬಟ್ ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಿದ್ದ."

ಈ ಟೆಬಟ್‌ಗೆ ಮುಖ ಎಲ್ಲಿಂದ ತರಲಿ? ಮೊದಲಾದರೆ ಹೆಸ್ಟರ್ ಕೂರುತ್ತಿದ್ದಳು. ನನ್ನ ಹಳೆಯ ಕೋಟು ತೊಟ್ಟು, ಮಸಿಯಿಂದ ಮೀಸೆ ಬರೆದುಕೊಂಡು ಎಷ್ಟೋ ವಕೀಲರು, ಡಾಕ್ಟರು, ಮಿಲಿಟರಿಯವರು ಆಗಿದ್ದಾಳೆ ಅವಳು.

ಅಕ್ಟೋಬರ್ 6, ಭಾನುವಾರ

ಮೇಲಂತಸ್ತಿನ ಇನಾಕ್ ಲಿಡನ್ ಅವರನ್ನು ಕೇಳಿಯೇಬಿಟ್ಟೆ. ಮನೆ ಮನೆಗೆ ಹೋಗಿ ಪಿಯಾನೋ ಶ್ರುತಿ ಮಾಡುವವರು ಅವರು. ಎರಡು ವರ್ಷದಿಂದ ಈ ಮನೆಯಲ್ಲಿದ್ದಾರೆ. ಮೆಟ್ಟಿಲ ಮೇಲೆ ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಾರೆ. ನಮ್ಮ ಪರಿಚಯ ಅಷ್ಟೇ ಇತ್ತು.

"ನನ್ನ ಮುಖಾನಾ?" ಎಂದರು. "ಅದನ್ನ ತಗೊಂಡು ಏನ್ ಮಾಡ್ತೀರಿ? ಇದುವರೆಗೂ ಯಾರೂ ಕೇಳಿಲ್ಲ."

"ಒಬ್ಬ ಗುಮಾಸ್ತನಿಗೆ ಬೇಕು."

"ಒಳ್ಳೆಯವನೋ, ಕೆಟ್ಟವನೋ?"

"ನನಗೂ ಗೊತ್ತಿಲ್ಲ."

"ಹಾಗಾದ್ರೆ ಸುಲಭ. ಸುಮ್ನೆ ಕೂತಿರ್ತೀನಿ," ಎಂದು ನಕ್ಕರು.

ಮನೆಯೊಡತಿ ಮಿಸೆಸ್ ಸ್ಪ್ರೇಕ್ ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಬಾಗಿಲು ತೆಗೆದಿರ್ಬೇಕು. ನಾನು ಹೊರಗೆ ಮೆಟ್ಟಿಲ ಮೇಲೆ ಆಲೂಗಡ್ಡೆ ಹೆಚ್ಕೊಂಡು ಕೂತಿರ್ತೀನಿ. ನಿಮ್ಮ ಮೇಲೆ ಅನುಮಾನ ಅಂತಲ್ಲಮ್ಮ. ಎದುರು ಮನೆಯೋಳ ಬಾಯಿ ನಿಮಗೆ ಗೊತ್ತಲ್ಲ."

ಎರಡು ಗಂಟೆ ಅಲುಗಾಡದೆ ಕೂತರು. ಅವರ ಬೂಟಿನ ಅಟ್ಟೆಗೆ ಉಣ್ಣೆಯ ದಪ್ಪ ಬಟ್ಟೆ ಹೊಲಿಸಿದ್ದಾರೆ. ಕೆಲಸದ ಮನೆಗಳಲ್ಲಿ ಮಲಗಿದ ಮಕ್ಕಳು ಏಳಬಾರದಂತೆ. ಏನನ್ನಾದರೂ ಮುಟ್ಟುವ ಮೊದಲು ಕೈ ತೊಳೆಯುತ್ತಾರೆ. ಬೆರಳಿನ ಬೆವರು ತಂತಿಗೆ ತುಕ್ಕು ತರುತ್ತದಂತೆ. ಮಾತಿನ ನಡುವೆ ತಲೆಯನ್ನು ಒಂದು ಕಡೆಗೆ ವಾಲಿಸಿ ಆಲಿಸುತ್ತಾರೆ. ಅಷ್ಟು ಗಮನವಿಟ್ಟು ನನ್ನ ಮಾತನ್ನು ಯಾರೂ ಕೇಳಿದ ನೆನಪಿಲ್ಲ. ನಾನು ಹೇಳುತ್ತಿದ್ದದ್ದೋ, ಕಲ್ಲಿದ್ದಲು ಈ ಸಲ ತೇವವಾಗಿದೆ ಎಂದು.

ಅಕ್ಟೋಬರ್ 9, ಬುಧವಾರ

ಹಲಗೆ ಮುಗಿಯಿತು. ಕೆತ್ತುವವರಿಗೆ ನಾಳೆ ಕೊಡಬೇಕು. ಮರದ ಹಲಗೆಯ ಮೇಲೆ ಬರೆದದ್ದು ಅಚ್ಚಿನಲ್ಲಿ ಎಡಬಲ ಅದಲುಬದಲಾಗಿ ಬರುತ್ತದೆ. ಆದ್ದರಿಂದ ನಾವು ಎಲ್ಲವನ್ನೂ ತಿರುಗಿಸಿ ಬರೆಯುವುದು ರೂಢಿ. ಆದರೆ ಈ ಮುಖವನ್ನು ಬೇಕೆಂದೇ ಕಂಡ ಹಾಗೆಯೇ ಬರೆದೆ. ಅಚ್ಚಾದಾಗ ಕ್ರಾಪಿನ ಬೈತಲೆ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ, ಹುಬ್ಬಿನ ಮೇಲಿನ ಸಣ್ಣ ಗಾಯದ ಗುರುತೂ ಹೋಗುತ್ತದೆ. ಪಾಪ, ಸಂಕೋಚದ ಮನುಷ್ಯ. ಬೀದಿಯಲ್ಲಿ ಅವರನ್ನು ಯಾರೂ ಗುರುತು ಹಿಡಿಯಬಾರದು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ತಟ್ಟಲು ಬೇರೆ ಯಾರೂ ಇಲ್ಲವಲ್ಲ.

ಅಕ್ಟೋಬರ್ 20, ಭಾನುವಾರ

ಜೀರಿಗೆ ಹಾಕಿದ ಕೇಕು ತಂದಿದ್ದೆ. ಕೂರುವವರಿಗೆ ಅಷ್ಟಾದರೂ ಕೊಡಬೇಡವೇ? ಮಧ್ಯಾಹ್ನಕ್ಕೇ ಅಗ್ಗಿಷ್ಟಿಕೆಗೆ ಬೆಂಕಿ ಹಾಕಿದೆ. ಬೆರಳು ಸೆಟೆದರೆ ಪೆನ್ಸಿಲು ಓಡುವುದಿಲ್ಲ, ಅದಕ್ಕೆ. ಕಾಲರಿಗೆ ಹೊಸ ಲೇಸು ಹೊಲಿದುಕೊಂಡೆ. ಹಳೆಯದು ಹೇಗೂ ಹರಿದಿತ್ತು.

"ನಿಮ್ಮ ಕೆಲಸ ಚೆನ್ನಾಗಿದೆ ಅಂತ ಜನ ಹೇಳ್ತಾರಾ?" ಎಂದು ಕೇಳಿದೆ.

"ಶ್ರುತಿ ಸರಿಯಾಗಿದ್ರೆ ನನ್ನ ನೆನಪು ಯಾರಿಗೂ ಬರಲ್ಲ ಮಿಸ್ ಪೆಲೋ. ಕೆಟ್ಟಾಗ ಮಾತ್ರ ಕರೀತಾರೆ. ಹಾಲೊವೇಯಲ್ಲಿ ಒಂದು ಹೆಣ್ಣುಮಕ್ಕಳ ಶಾಲೆ ಇದೆ. ಹನ್ನೊಂದು ಪಿಯಾನೋ. ಒಂದರಿಂದ ಶುರು ಮಾಡಿ ಹನ್ನೊಂದು ಮುಗಿಸೋ ಹೊತ್ತಿಗೆ ಮೊದಲನೇದು ಕೆಟ್ಟಿರುತ್ತೆ. ಆ ಹುಡುಗಿಯರ ದಯೆಯಿಂದಲೇ ನನ್ನ ಜೀವನ ನಡೀತಿದೆ."

ಮೆಟ್ಟಿಲ ಮೇಲಿಂದ ಮಿಸೆಸ್ ಸ್ಪ್ರೇಕ್ ಕೂಗಿದರು. "ಆ ಹುಡುಗಿಯರು ಯಾರಾದ್ರೂ ಮದುವೆ ಆಗೋ ವಯಸ್ಸಿನೋರು ಇಲ್ವಾ ಲಿಡನ್?"

ಅವರ ಕಿವಿ ಕೆಂಪಾಯಿತು. ಬಣ್ಣದ ಕೆಲಸವಲ್ಲ ನನ್ನದು, ಇಲ್ಲದಿದ್ದರೆ ಅದನ್ನೇ ಬರೆಯುತ್ತಿದ್ದೆ. ಅವರ ನಗುವಿನಲ್ಲಿ ಬಾಯಿಯ ಒಂದು ಕೊನೆ ಮೊದಲು ಏಳುತ್ತದೆ. ಇನ್ನೊಂದು ಕೊನೆ ಅಪ್ಪಣೆ ಸಿಕ್ಕಿತೋ ಇಲ್ಲವೋ ಎಂದು ನೋಡಿಕೊಂಡು ಆಮೇಲೆ ಏಳುತ್ತದೆ.

ಒಬ್ಬ ಗುಮಾಸ್ತನಿಗಾಗಿ ಇಷ್ಟುದ್ದ ಬರೆಯುವ ಅಗತ್ಯವಿರಲಿಲ್ಲ.

ಅಕ್ಟೋಬರ್ 26, ಶನಿವಾರ

ಮೊದಲ ಕಂತು ಬಂತು. ಮಿಸೆಸ್ ಸ್ಪ್ರೇಕ್ ಪತ್ರಿಕೆ ಓದುವ ರೀತಿಯೇ ಬೇರೆ. ಮೊದಲು ಚಿತ್ರ ನೋಡಿ ಎಲ್ಲರಿಗೂ ತೀರ್ಪು ಕೊಟ್ಟು, ಆ ತೀರ್ಪು ಸರಿಯೆಂದು ಸಾಧಿಸಲು ಮಾತ್ರ ಕಥೆ ಓದುವುದು.

"ಇವನಲ್ಲ. ಟೋಪಿ ಹಿಡ್ಕೊಂಡಿರೋದು ನೋಡಿ, ಪಾಪದೋನು. ಅಲ್ಲಾ ಲಿಡನ್, ನಿಮ್ಮನ್ನ ಕನ್ನಡೀಲಿ ನೋಡಿದ ಹಾಗಿದೆ ಕಣಪ್ಪ!"

ಲಿಡನ್ ಎರಡು ಪ್ರತಿ ಕೊಂಡಿದ್ದಾರೆ, ಒಂದು ತಮಗೆ, ಒಂದು ಎಕ್ಸೆಟರ್‌ನಲ್ಲಿರುವ ತಂಗಿಗೆ.

ನವೆಂಬರ್ 5, ಮಂಗಳವಾರ

ಲವಿಬಾಂಡ್ ಕರೆಸಿದ್ದರು. ಚಿತ್ರ ಬಹಳ ಚೆನ್ನಾಗಿದೆಯಂತೆ, ಅದೇ ತೊಂದರೆಯಂತೆ.

"ನಿಮ್ಮ ಟೆಬಟ್ ತೀರಾ ಸಾಧು. ಅವನನ್ನ ನೋಡಿದ್ರೆ ಕರೆದು ಊಟ ಹಾಕೋಣ ಅನ್ಸುತ್ತೆ. ಹುಬ್ಬು ಸ್ವಲ್ಪ ಇಳಿಸಿ. ದವಡೆ ಕೆಳಗೆ ನೆರಳು ಹಾಕಿ. ಜನ ಅವನ ಮೇಲೆ ಒಂದು ಕಣ್ಣಿಡ್ಬೇಕು."

"ಅಂದ್ರೆ ಅವನೇ ಕೊಲೆಗಾರನಾ?"

"ನಾನು ಹಾಗಂದ್ನಾ? ಹುಬ್ಬು ಇಳಿಸಿ ಅಂದೆ."

ಅಂದರೆ ಅವನೇ. ಸಂಪಾದಕರು ಇಲ್ಲವೆಂದು ಹೇಳದಿದ್ದರೆ ಹೌದೆಂದೇ ಅರ್ಥ. ಈ ವಾರದ ಚೀಟಿಯಲ್ಲಿರುವುದು ಎರಡೇ ಪದ: "ಟೆಬಟ್ ನಕ್ಕ."

ಮನೆಗೆ ಬರುವಾಗ ನವೆಂಬರ್ ಐದಲ್ಲವೇ, ಹಳೆಯ ರಾಜದ್ರೋಹಿಯ ನೆನಪಿಗೆ ಬೀದಿ ಬೀದಿಯಲ್ಲೂ ಹುಲ್ಲಿನ ಬೊಂಬೆ ಸುಡುತ್ತಿದ್ದರು. ಕೆಮ್ಮು ಬಂತು. ಮನೆಯಲ್ಲಿ ಯಾರೂ ಏಕೆ ಕೆಮ್ಮುತ್ತೀಯ ಎಂದು ಕೇಳಲಿಲ್ಲ.

ನವೆಂಬರ್ 10, ಭಾನುವಾರ

ಲಿಡನ್ ಅವರಿಗೆ ಕೆಟ್ಟ ನಗು ನಗಲು ಬರುವುದಿಲ್ಲ. ಒಂದು ಗಂಟೆ ಪ್ರಯತ್ನಿಸಿದೆವು.

"ನಿಮಗೆ ಆಗದವರು ಯಾರನ್ನಾದ್ರೂ ನೆನೆಸ್ಕೊಳ್ಳಿ," ಎಂದೆ.

ಬಹಳ ಹೊತ್ತು ಯೋಚಿಸಿ, "ಸ್ಟೋಕ್ ನ್ಯೂವಿಂಗ್ಟನ್‌ನಲ್ಲಿ ಒಬ್ಬರು ಪಿಯಾನೋ ಮೇಲೆ ಹೂಕುಂಡ ಇಡ್ತಾರೆ," ಎಂದರು. ಆದರೂ ಮುಖದಲ್ಲಿ ದ್ವೇಷ ಬರಲಿಲ್ಲ, ಬೇಸರ ಮಾತ್ರ ಬಂತು.

ಮಿಸೆಸ್ ಸ್ಪ್ರೇಕ್ ಚಾಕು ಹಿಡಿದು ಒಳಗೇ ಬಂದರು. "ಏನಯ್ಯಾ, ಒಬ್ಬ ಮುದುಕನ್ನ ಕೊಂದಿದೀಯ, ನಗೋಕೆ ಏನ್ ಧಾಡಿ ನಿನಗೆ?"

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಹೆಸ್ಟರ್ ಹೋದ ಮೇಲೆ ಈ ಕೋಣೆಯಲ್ಲಿ ನಗು ಕೇಳಿದ್ದು ಇದೇ ಮೊದಲು. ಆಮೇಲೆ ಅವರ ನಗುವನ್ನೇ ಇಟ್ಟುಕೊಂಡು, ಎರಡನೆಯ ಕೊನೆ ಏಳದಂತೆ ಮಾಡಿದೆ. ಒಂದೇ ಒಂದು ಗೆರೆ. ಅಷ್ಟಕ್ಕೆ ಕೆಲಸವಾಯಿತು.

ಹೊರಡುವಾಗ, "ಕಥೆ ಮುಗಿದ ಮೇಲೂ ಭಾನುವಾರ ಇರುತ್ತಲ್ವಾ?" ಎಂದರು. ಇರುತ್ತದೆ ಎಂದೆ. ಕ್ಯಾಲೆಂಡರಿನ ವಿಷಯವೋ ಏನೋ ತಿಳಿಯಲಿಲ್ಲ.

ನವೆಂಬರ್ 30, ಶನಿವಾರ

ನಕ್ಕ ಟೆಬಟ್ ಅಚ್ಚಾಗಿ ಬಂದ. ಹೊರ ಊರುಗಳಿಗೆ ಪತ್ರಿಕೆ ಗುರುವಾರವೇ ಹೋಗಿತ್ತು, ಇಂದು ಸಂಜೆಯೊಳಗೆ ಕಚೇರಿಗೆ ಓದುಗರ ಹದಿನೇಳು ಪತ್ರ! ನಾರಿಚ್‌ನ ಪಾದ್ರಿಯೊಬ್ಬರು ಬರೆದಿದ್ದಾರೆ: "ಆ ಕ್ರೂರ ನಗುವನ್ನು ಲೇಖಕರು ವರ್ಣಿಸಿದ ಪರಿ ಅದ್ಭುತ. ಓದುವಾಗ ನನ್ನ ಪತ್ನಿ ದೀಪ ಹತ್ತಿರಕ್ಕೆ ಎಳೆದುಕೊಂಡಳು."

ಲೇಖಕರು ವರ್ಣಿಸಿದ್ದೆಲ್ಲಿ? ಅವರು ಬರೆದದ್ದು "ನಕ್ಕ" ಎಂದು ಅಷ್ಟೇ. ಪುಟವನ್ನು ಎರಡು ಸಲ ಹುಡುಕಿದೆ. ಕ್ರೂರ ಎಂಬ ಪದವೇ ಇಲ್ಲ. ಅದು ನನ್ನ ಪೆನ್ಸಿಲಿನದು. ಹೆಮ್ಮೆಯಾಯಿತು, ಏಕೆ ಸುಳ್ಳು ಹೇಳಲಿ? ಹೆಸ್ಟರ್‌ಗೆ ಮೂರು ಹಾಳೆಯ ಪತ್ರ ಬರೆದೆ.

ಮಿಸೆಸ್ ಸ್ಪ್ರೇಕ್ ತೀರ್ಪು ಬದಲಿಸಿದ್ದಾರೆ. "ಇವನೇ. ಮೊದಲ ದಿನವೇ ಹೇಳಿದ್ದೆ ನಾನು." ಮೆಟ್ಟಿಲಿಳಿದು ಬಂದ ಲಿಡನ್ ಅವರಿಗೆ, "ಬಾರಪ್ಪ ಕೊಲೆಗಾರ, ಟೀ ಕುಡಿ," ಎಂದರು.

ಡಿಸೆಂಬರ್ 3, ಮಂಗಳವಾರ

ಕೆಳಗೆ ಹಜಾರದಲ್ಲಿ ಕೊಡೆ ಇಡುತ್ತಿದ್ದೆ. ಗೋಡೆಯ ಕನ್ನಡಿಯಲ್ಲಿ ಟೆಬಟ್ ಕಂಡ. ನನ್ನ ಟೆಬಟ್ ಅಲ್ಲ, ಅಚ್ಚಿನ ಟೆಬಟ್. ಕನ್ನಡಿಯೂ ಅಚ್ಚಿನ ಹಾಗೆ ಎಡಬಲ ತಿರುಗಿಸುತ್ತದಲ್ಲ: ಬೈತಲೆ ಅದೇ ಕಡೆ, ಹುಬ್ಬಿನ ಗಾಯ ಅದೇ ಕಡೆ, ತಲೆ ವಾಲಿಸಿ ನನ್ನ ಹಿಂದೆ ನಿಂತಿದ್ದ. ಇಡುತ್ತಿದ್ದ ಕೊಡೆಯನ್ನು ಮತ್ತೆ ಎತ್ತಿ ಹಿಡಿದುಕೊಂಡೆ. ತಿರುಗಿದರೆ ಲಿಡನ್.

"ಹೆದರಿಸ್ಬಿಟ್ನಾ? ಕ್ಷಮಿಸಿ," ಎಂದು ನಕ್ಕರು.

ಈ ಮನುಷ್ಯ ನಡೆದರೆ ಸದ್ದೇ ಆಗುವುದಿಲ್ಲವಲ್ಲ.

ಡಿಸೆಂಬರ್ 8, ಭಾನುವಾರ

ತಲೆನೋವು. ಇವತ್ತು ಕೂರುವುದು ಬೇಡವೆಂದು ಮಿಸೆಸ್ ಸ್ಪ್ರೇಕ್ ಕೈಯಲ್ಲಿ ಹೇಳಿ ಕಳಿಸಿದೆ. ನಿಜಕ್ಕೂ ಈಗ ಅವರು ಕೂರಬೇಕಾದ ಅಗತ್ಯವೇ ಇಲ್ಲ. ಕಣ್ಣು ಮುಚ್ಚಿದರೂ ಮುಖ ಬರುತ್ತದೆ. ನೋಡದೇ ಬರೆದದ್ದು ಇನ್ನೂ ಚೆನ್ನಾಗಿ ಬಂದಿದೆ. ನೋಡಿ ಬರೆಯುವಾಗ ಏನೋ ಅಡ್ಡ ಬರುತ್ತಿತ್ತು.

ಯೋಚಿಸಿದರೆ ಆತನ ಬಗ್ಗೆ ನಮಗೆ ಗೊತ್ತಿರುವುದಾದರೂ ಎಷ್ಟು? ಎಕ್ಸೆಟರ್‌ನ ತಂಗಿಯನ್ನು ಕಂಡವರಿಲ್ಲ. ನಲವತ್ತೈದರ ಗಂಡಸು, ಮದುವೆ ಏಕಾಗಲಿಲ್ಲ? ಕೈಯನ್ನು ಅಷ್ಟು ಸಲ ಏಕೆ ತೊಳೆಯಬೇಕು? ಚರ್ಮದ ಸುರುಳಿಯಲ್ಲಿ ತಂತಿ, ಕತ್ತರಿ, ಸುತ್ತಿಗೆ ಕಟ್ಟಿಕೊಂಡು ದಿನಾ ಬೇರೆ ಬೇರೆ ಮನೆಯೊಳಗೆ ಹೋಗಿಬರುತ್ತಾನೆ, ಯಾರೂ ಕೇಳುವುದಿಲ್ಲ. ಇದೆಲ್ಲ ಮೊದಲೂ ಕಂಡಿತ್ತು, ನಾನು ಗಮನ ಕೊಟ್ಟಿರಲಿಲ್ಲ. ಚಿತ್ರ ಬರೆಯುವವಳಿಗೆ ಇಷ್ಟು ಅಜಾಗರೂಕತೆ ಸಲ್ಲದು.

ಕೇಕು ಒಬ್ಬಳೇ ತಿಂದೆ. ಒಣಗಿತ್ತು.

ಡಿಸೆಂಬರ್ 11, ಬುಧವಾರ

ದಟ್ಟ ಮಂಜು. ಮಧ್ಯಾಹ್ನ ಎರಡಕ್ಕೇ ದೀಪ. ಬಾಗಿಲಾಚೆ ಸದ್ದಿಲ್ಲದೆ ಯಾರೋ ನಿಂತಂತಾಯಿತು. ಕಿವಿಗೊಟ್ಟು ಕೇಳುತ್ತಿದ್ದಾನೆ.

"ಮಿಸ್ ಪೆಲೋ, ತಲೆನೋವು ಹೇಗಿದೆ? ಏನಾದ್ರೂ ತಂದುಕೊಡ್ಲಾ?"

ದೀಪ ಸಣ್ಣ ಮಾಡಿ ಕೂತೆ. ಅವನು ಹೋದದ್ದೂ ತಿಳಿಯಲಿಲ್ಲ. ಮಿಸ್ತ್ರಿಗೆ ಹೇಳಿ ಬಾಗಿಲಿಗೆ ಅಗುಳಿ ಹಾಕಿಸಬೇಕು.

ಡಿಸೆಂಬರ್ 16, ಸೋಮವಾರ

ಹಾಲೊವೇಯ ಶಾಲೆಯಲ್ಲಿ ಗಲಾಟೆಯಾಗಿದೆ. ಸಂಗೀತದ ಕೋಣೆಯ ಪಿಯಾನೋ ಮೇಲೆ ದೊಡ್ಡ ಕನ್ನಡಿ ಇದೆಯಂತೆ. ಬಗ್ಗಿ ತಂತಿ ಬಿಗಿಯುತ್ತಿದ್ದ ಲಿಡನ್ ತಲೆಯೆತ್ತಿದಾಗ ಹಿಂದೆ ಕೂತಿದ್ದ ಹುಡುಗಿ ಕನ್ನಡಿಯಲ್ಲಿ ಮುಖ ನೋಡಿ "ಟೆಬಟ್!" ಎಂದು ಕಿರುಚಿ ಎಚ್ಚರ ತಪ್ಪಿದಳಂತೆ. ಎಲ್ಲ ಹುಡುಗಿಯರೂ ಡೆಸ್ಕಿನ ಕೆಳಗಿಟ್ಟುಕೊಂಡು ಓದುವುದು ಇದೇ ಕಥೆ. ನಾಲ್ವರು ತಂದೆತಾಯಂದಿರು ದೂರು ಕೊಟ್ಟಿದ್ದಾರೆ. ಲೇಖಕರು ನಿಜವಾದ ಯಾರನ್ನೋ ಕಂಡೇ ಹೀಗೆ ಬರೆಸಿರಬೇಕೆಂದು ಅವರ ವಾದ. ಮುಖ್ಯೋಪಾಧ್ಯಾಯಿನಿ ಮಿಸ್ ಫೆನ್ ಒಳ್ಳೆಯ ಹೆಂಗಸು, ನಡತೆಯ ಬಗ್ಗೆ ಪರಿಚಯದವರಿಂದ ಎರಡು ಗುಣಪತ್ರ ತಂದುಕೊಟ್ಟರೆ ಉಳಿಸಿಕೊಳ್ಳುತ್ತೇನೆ ಎಂದಿದ್ದಾರೆ.

ಒಂದನ್ನು ಮಿಸೆಸ್ ಸ್ಪ್ರೇಕ್ ಆಗಲೇ ಬರೆದು ಕೊಟ್ಟಿದ್ದಾರೆ. ನನಗೆ ಓದಿ ಹೇಳಿದರು: "ಎರಡು ವರ್ಷದಲ್ಲಿ ಒಂದು ದಿನ ಕುಡಿದು ಬಂದಿಲ್ಲ, ಒಂದು ತಟ್ಟೆ ಒಡೆದಿಲ್ಲ, ನನ್ನ ಬೆಕ್ಕು ಕಾಯಿಲೆ ಬಿದ್ದಾಗ ಮೀನು ತಂದುಕೊಟ್ಟವರು ಇವರು. ಚಿತ್ರದಲ್ಲಿರೋನು ಕೊಲೆಗಾರ, ಇವರು ಬಾಡಿಗೆಯೋರು."

ಇನ್ನೊಂದಕ್ಕೆ ಆತ ನನ್ನ ಬಾಗಿಲಿಗೆ ಬಂದ. ಹೊಸ್ತಿಲು ದಾಟಲಿಲ್ಲ.

"ನನ್ನ ಮುಖಾನ ನಿಮ್ಮಷ್ಟು ಹೊತ್ತು ಯಾರೂ ನೋಡಿಲ್ಲ ಮಿಸ್ ಪೆಲೋ. ಎಂಥೋನು ಅಂತ ನೀವು ಎರಡು ಸಾಲು ಬರೆದ್ರೆ ಸಾಕು."

ನಾಳೆ ಬರೆಯುತ್ತೇನೆ ಎಂದೆ.

ಡಿಸೆಂಬರ್ 17, ಮಂಗಳವಾರ

ಬೆಳಿಗ್ಗೆಯಿಂದ ನಾಲ್ಕು ಹಾಳೆ ಹರಿದು ಹಾಕಿದೆ. ಹುಡುಗಿಯರ ಶಾಲೆ. ನಾಳೆ ಏನಾದರೂ ಆದರೆ ನನ್ನ ಸಹಿ ಅಲ್ಲಿರುತ್ತದೆ. ಚಿತ್ರ ನನ್ನದು, ಮುಖ ಅವರಿಂದ ತಂದದ್ದು, ತಪ್ಪು ಪೆನ್ಸಿಲಿನದು ಎಂದು ಬರೆಯಬಹುದಿತ್ತು. ಆದರೆ ಒಂಟಿ ಹೆಂಗಸಿನ ಕೋಣೆಯಲ್ಲಿ ಗಂಡಸೊಬ್ಬ ವಾರವಾರ ಬಂದು ಕೂರುತ್ತಿದ್ದ ಎಂದು ಶಾಲೆಗೆ ಹೇಗೆ ಬರೆಯಲಿ?

ಕೊನೆಗೆ ಬರೆದದ್ದು: "ಇನಾಕ್ ಲಿಡನ್ ನಾನಿರುವ ಮನೆಯ ಮೇಲಂತಸ್ತಿನಲ್ಲಿ ವಾಸವಾಗಿದ್ದಾರೆ. ಮೆಟ್ಟಿಲ ಮೇಲೆ ಕಂಡಷ್ಟೇ ಪರಿಚಯ. ಅವರ ವಿರುದ್ಧ ಹೇಳುವಂಥದ್ದು ನನಗೇನೂ ತಿಳಿಯದು. ಪರವಾಗಿ ಹೇಳುವಷ್ಟೂ ತಿಳಿಯದು."

ಲಕೋಟೆ ಅಂಟಿಸಿ ಕೊಟ್ಟೆ. ಅವನು ತೆರೆಯಲಿಲ್ಲ. ತಲೆಬಾಗಿ ವಂದಿಸಿ, ಎರಡೂ ಕೈಯಲ್ಲಿ ತೆಗೆದುಕೊಂಡ. ಬರೆದದ್ದರಲ್ಲಿ ಸುಳ್ಳೇನಿಲ್ಲ.

ಡಿಸೆಂಬರ್ 21, ಶನಿವಾರ

ಆತ ಮನೆ ಬಿಟ್ಟ. ಶಾಲೆಯ ಕೆಲಸ ಹೋಯಿತಂತೆ. ಕ್ಯಾಮ್ಡನ್ ಟೌನ್‌ನ ಯಾವುದೋ ಪಿಯಾನೋ ಕಾರ್ಖಾನೆಗೆ ಸೇರಿ ಅಲ್ಲೇ ಹತ್ತಿರ ಕೋಣೆ ಹಿಡಿದಿದ್ದಾನಂತೆ. ಮಿಸೆಸ್ ಸ್ಪ್ರೇಕ್ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡರು.

ನೆಮ್ಮದಿಯಾಯಿತು. ಅಗುಳಿಯ ಖರ್ಚು ಉಳಿಯಿತು.

ಡಿಸೆಂಬರ್ 25, ಬುಧವಾರ

ಹೆಸ್ಟರ್‌ಳಿಂದ ಕಾರ್ಡು. ಮಿಸೆಸ್ ಸ್ಪ್ರೇಕ್ ಮಗಳ ಮನೆಗೆ ಹೋಗಿದ್ದಾರೆ. ಮೇಲಂತಸ್ತು ಖಾಲಿ. ಅಲ್ಲಿ ಇದ್ದಾಗಲೂ ಸದ್ದಿರಲಿಲ್ಲ, ಈಗಲೂ ಇಲ್ಲ. ಎರಡೂ ಒಂದೇ ಆಗಿರಬೇಕಿತ್ತು.

ಜನವರಿ 4, 1868. ಶನಿವಾರ

ಲವಿಬಾಂಡ್ ಕೊನೆಯ ಕಂತಿನ ಚೀಟಿ ಕೊಟ್ಟರು. "ಟೆಬಟ್ ಕಟಕಟೆಯಿಂದ ಇಳಿದು, ತಾಯಿಯ ಕೈ ಹಿಡಿದು ಬಿಸಿಲಿಗೆ ಬಂದ."

ಅರ್ಥವಾಗಲಿಲ್ಲ. "ಗಲ್ಲಿಗೆ ಹಾಕೋದಿಲ್ವಾ?"

"ಯಾಕೆ ಹಾಕ್ಬೇಕು? ಕೊಂದಿದ್ದು ಡಾಕ್ಟರು. ನೀವು ದುಂಡುಮುಖ, ಕನ್ನಡಕ ಹಾಕಿ ಬರೆದ್ರಲ್ಲ, ಆ ಮುದ್ದು ಡಾಕ್ಟರು."

"ನೀವೇ ಟೆಬಟ್ ಹುಬ್ಬು ಇಳಿಸಿ ಅಂದ್ರಿ!"

"ಅಂದೆ. ಕೊಲೆಗಾರನ ಹುಬ್ಬು ಇಳಿಸ್ತಾರೇನ್ರೀ ಯಾರಾದ್ರೂ? ನಿರಪರಾಧಿ ಹುಬ್ಬೇ ಇಳಿಸ್ಬೇಕು. ಅದೇ ಅಲ್ವಾ ಆಟ? ಇಡೀ ದೇಶ ನಿಮ್ಮ ಚಿತ್ರ ನಂಬ್ತು. ನಿಮಗೆ ಗೊತ್ತೇ ಇದೆ ಅಂದ್ಕೊಂಡಿದ್ದೆ ನಾನು. ಹತ್ತು ವರ್ಷದಿಂದ ಇದೇ ಕೆಲಸ ಮಾಡೋರು ನೀವು!"

ಏನು ಹೇಳಿ ಹೊರಬಂದೆನೋ ನೆನಪಿಲ್ಲ. ಕುದುರೆ ಬಸ್ಸು ಹಿಡಿಯದೆ ನಡೆದೇ ಬಂದೆ. ದಾರಿಯುದ್ದಕ್ಕೂ ಬೆಕ್ಕಿಗೆ ತಂದ ಮೀನು, ಎರಡು ಕೈಯಲ್ಲಿ ತೆಗೆದುಕೊಂಡ ಲಕೋಟೆ. ನಾಚಿಕೆಯಾಯಿತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಜನವರಿ 9, ಗುರುವಾರ

ಬಾಯಿ ಬರುತ್ತಿಲ್ಲ. ಹಣೆ, ಕಣ್ಣು, ಕಿವಿ ಎಲ್ಲ ಬಂದವು. ಒಳ್ಳೆಯ ಟೆಬಟ್‌ನ ಬಾಯಿ ಮಾತ್ರ ಬರುತ್ತಿಲ್ಲ. ಆರು ಸಲ ಒರೆಸಿ ಹಲಗೆಗೆ ಮತ್ತೆ ಬಿಳಿ ಬಣ್ಣ ಬಳಿದೆ. ಎರಡನೆಯ ಕೊನೆಯನ್ನು ಎತ್ತಲು ಹೋದರೆ ಅಣಕಿಸಿದಂತೆ ಕಾಣುತ್ತದೆ. ಅವರು ನಿಜವಾಗಿ ಹೇಗೆ ನಗುತ್ತಿದ್ದರು ಎಂದು ನೆನೆಸಿಕೊಂಡರೆ ನನ್ನ ಗೆರೆಗಳೇ ನೆನಪಿಗೆ ಬರುತ್ತವೆ.

ಜನವರಿ 13, ಸೋಮವಾರ

ಕ್ಯಾಮ್ಡನ್ ಟೌನ್‌ಗೆ ಹೋದೆ. ಕ್ಷಮೆ ಕೇಳಲು ಹೋದದ್ದು. ಚಿತ್ರದ ಪುಸ್ತಕ ಚೀಲದಲ್ಲಿ ಹೇಗೂ ಇರುತ್ತದೆ.

ಕಾರ್ಖಾನೆಯೆಂದರೆ ದೊಡ್ಡ ಮರದ ಕೊಟ್ಟಿಗೆ. ಎಪ್ಪತ್ತು ಪಿಯಾನೋಗಳ ನಡುವೆ ಲಿಡನ್ ಒಬ್ಬರೇ ಕೂತು ಒಂದೇ ಸ್ವರದ ಮನೆಯನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. ಗಡ್ಡ ಬಿಟ್ಟಿದ್ದಾರೆ, ಬಾಯಿ ಮುಚ್ಚುವಷ್ಟು. ನನ್ನನ್ನು ಕಂಡು ಎದ್ದು ನಿಂತರು, ಸ್ಟೂಲು ನನಗೆ ಕೊಟ್ಟರು.

"ಕೊಲೆ ಮಾಡಿದ್ದು ಟೆಬಟ್ ಅಲ್ಲ," ಎಂದೆ. ಎಂಥ ಮೂರ್ಖ ಮಾತು. ಆದರೆ ಬಾಯಿಗೆ ಬಂದದ್ದು ಅದೇ.

"ಹೌದಾ? ಸಂತೋಷ." ಕೈ ಒರೆಸಿಕೊಳ್ಳುತ್ತಾ ಹೇಳಿದರು. "ನಾನೂ ಪ್ರತಿ ವಾರ ಓದ್ತಿದ್ದೆ ಮಿಸ್ ಪೆಲೋ. ಕೊನೇ ಕೊನೇಗೆ ಕ್ಷೌರ ಮಾಡ್ಕೊಳ್ಳೋವಾಗ ಕನ್ನಡಿ ನೋಡಿದ್ರೆ ನನಗೇ ಇವನ್ಯಾರಪ್ಪ ಅನ್ಸೋದು. ಗಡ್ಡ ಬಿಟ್ಟ ಮೇಲೆ ಆರಾಮ."

"ಆ ಪತ್ರ..."

"ಮಿಸ್ ಫೆನ್ ಓದಿ ಹೇಳಿದ್ರು. ಒಂದು ಮಾತೂ ಸುಳ್ಳಿರಲಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ಅಳು ಬಂದು ಹಗುರಾಗುತ್ತಿತ್ತು. ಅವರು ಮಾಮೂಲಿನಂತೆ ಹೇಳಿದರು. ಕ್ಷಮಿಸಿ ಎಂದೆ. ಪಕ್ಕದ ಕೊಟ್ಟಿಗೆಯಲ್ಲಿ ಯಾರೋ ಸುತ್ತಿಗೆ ಬಡಿಯುತ್ತಿದ್ದರು. ಕೇಳಿಸಿತೋ ಇಲ್ಲವೋ, ಮತ್ತೊಮ್ಮೆ ಹೇಳುವ ಧೈರ್ಯವಾಗಲಿಲ್ಲ. ಅವರ ಕಣ್ಣು ನನ್ನ ಚೀಲದಿಂದ ಇಣುಕುತ್ತಿದ್ದ ಪುಸ್ತಕದ ಮೇಲಿತ್ತು.

"ಕೂರ್ಬೇಕಾ?" ಎಂದು ಕೇಳಿದರು.

ಬೇಡ ಎನ್ನಬೇಕಿತ್ತು. ಹೂಂ ಎಂದೆ. ಮಾರಾಟದ ಪಿಯಾನೋ ಒಂದಕ್ಕೆ ಒರಗಿ ಹತ್ತು ನಿಮಿಷ ನಿಂತರು. ಗಡ್ಡದೊಳಗೆ ಏನಿತ್ತೋ ನನಗೆ ಕಾಣಲಿಲ್ಲ. ಆಮೇಲೆ ಕೆಲಸವಿದೆ ಎಂದು ತಿಳಿಸಿ ಕುಳಿತು, ಅದೇ ಮನೆಯನ್ನು ಒತ್ತತೊಡಗಿದರು.

ಜನವರಿ 15, ಬುಧವಾರ

ಹಲಗೆ ಕೊಟ್ಟುಬಿಟ್ಟೆ. ಇನ್ನು ಕಾಯಲು ಕೆತ್ತುವವರಿಗೆ ಸಮಯವಿಲ್ಲ. ಬಾಯಿ ಹಳೆಯದೇ. ಬಿಸಿಲು, ತಾಯಿ, ಕೈ ಎಲ್ಲ ಚೆನ್ನಾಗಿವೆ. ನಡುವೆ ಆ ಕೊಲೆಗಾರನ ಬಾಯಿ. ಓದುಗರು ಉಗಿಯುತ್ತಾರೆ, ಉಗಿಯಲಿ.

ಫೆಬ್ರವರಿ 1, ಶನಿವಾರ

ಯಾರೂ ಉಗಿಯಲಿಲ್ಲ. ನಾರಿಚ್‌ನ ಪಾದ್ರಿಯವರ ಪತ್ರ ತಂತಿಯಷ್ಟೇ ಬೇಗ ಬಂತು: ಟೆಬಟ್‌ನ ಮುಗುಳುನಗೆಯ ಮೃದುತ್ವ ಕಂಡು ಅವರ ಪತ್ನಿ ಅತ್ತರಂತೆ.

ಮಿಸೆಸ್ ಸ್ಪ್ರೇಕ್ ತಿಂಡಿಯ ಮೇಜಿನ ಮೇಲೆ ಪತ್ರಿಕೆ ಹರಡಿಕೊಂಡು ಕೂತಿದ್ದರು. "ನೋಡಿ, ನೋಡಿ ಆ ಮುಖ! ಇರುವೆ ಕೂಡ ತುಳಿಯಲ್ಲ ಅಂಥ ಮುಖ. ಮೊದಲ ದಿನವೇ ಹೇಳಿದ್ದೆ ನಾನು." ಕಣ್ಣೊರೆಸಿಕೊಂಡು ಟೀ ಬಗ್ಗಿಸಿದರು. "ನಮ್ಮ ಲಿಡನ್ ಇದ್ದಿದ್ರೆ ಎಷ್ಟು ಖುಷಿ ಪಡೋರು. ಅಲ್ಲಮ್ಮ, ಆ ಶಾಲೆಯೋರು ಯಾಕೆ ಬಿಡಿಸಿದ್ರೋ ನನಗೆ ಇವತ್ತಿಗೂ ತಿಳೀಲಿಲ್ಲ. ನನ್ನ ಕಾಗದದಲ್ಲಿ ಅಕ್ಷರ ತಪ್ಪಿತ್ತು, ಒಪ್ತೀನಿ. ಆದ್ರೆ ನೀವು ಓದಿದೋರು. ನೀವೂ ಬರೆದು ಕೊಟ್ಟಿದ್ರಲ್ಲ?"

"ಕೊಟ್ಟಿದ್ದೆ," ಎಂದೆ.

"ಒಳ್ಳೇದೇ ತಾನೇ ಬರೆದಿದ್ದು?"

ಹಾಗೆ ಕೇಳುವಾಗ ಅವರು ನನ್ನ ಕಡೆ ನೋಡಲೂ ಇಲ್ಲ. ಸಕ್ಕರೆ ಹುಡುಕುತ್ತಿದ್ದರು, ಅಷ್ಟು ನಂಬಿಕೆ ನನ್ನ ಮೇಲೆ.

"ಹೌದು," ಎಂದೆ.